ಹುಕ್ಕೇರಿ–ಗೋಕಾಕ ನಡುವಿನ ಕಾಣದ ಗೆರೆ

ಹುಕ್ಕೇರಿಯಿಂದ ಗೋಕಾಕಕ್ಕೆ ನೇರವಾಗಿ ಅಳೆದರೆ ಹೆಚ್ಚೆಂದರೆ ಇಪ್ಪತ್ತೈದು ಕಿಲೋಮೀಟರ್. ನಡುವೆ ಹೇಳಿಕೊಳ್ಳುವಂಥ ಘಟ್ಟವಿಲ್ಲ. ಗೋಕಾಕದ ಬಳಿ ಒಂದಿಷ್ಟು ಕಲ್ಲುಗುಡ್ಡಗಳು ಎದುರಾಗುತ್ತವೆ, ಅಷ್ಟೆ. ಆಡುವ ಮಾತು ಒಂದೇ, ತಟ್ಟುವ ರೊಟ್ಟಿ ಒಂದೇ, ಹೊಲದಲ್ಲಿ ಎದ್ದು ಕಾಣುವ ಕಬ್ಬೂ ಒಂದೇ. ಆದರೂ ಕೃಷಿ ವಿಶ್ವವಿದ್ಯಾಲಯದ ನಕ್ಷೆಯಲ್ಲಿ ಈ ಎರಡು ಊರುಗಳು ಬೇರೆ ಬೇರೆ ವಾಯುಗುಣಕ್ಕೆ ಸೇರಿವೆ. ಹುಕ್ಕೇರಿಯದು ಎಂಟನೆಯ ವಲಯ, ಹೆಸರು ಉತ್ತರ ಪರಿವರ್ತನಾ ವಲಯ. ಗೋಕಾಕದ್ದು ಮೂರನೆಯ ವಲಯ, ಹೆಸರು ಉತ್ತರ ಒಣ ವಲಯ. ಗೋಕಾಕದಿಂದ ಈಶಾನ್ಯಕ್ಕೆ ಇನ್ನೊಂದು ಇಪ್ಪತ್ತು–ಇಪ್ಪತ್ತೈದು ಕಿಲೋಮೀಟರ್ ಹೋದರೆ ಸಿಗುವ ಮೂಡಲಗಿಯೂ ಒಣ ವಲಯದ್ದೇ. ಹಾಗಾದರೆ ಒಂದು ವಲಯ ಮುಗಿದು ಇನ್ನೊಂದು ಶುರುವಾಗುವ ಜಾಗ ಯಾವುದು? ನಕ್ಷೆಯ ಉತ್ತರ ಸರಳ: ಹುಕ್ಕೇರಿ ತಾಲ್ಲೂಕಿನ ಎಲ್ಲೆ ಎಲ್ಲಿ ಮುಗಿಯುತ್ತದೆಯೋ ಅಲ್ಲಿ. ಕಂದಾಯ ಇಲಾಖೆ ನೆಟ್ಟ ಕಲ್ಲಿನ ಈಚೆಗೆ ಪರಿವರ್ತನೆ, ಆಚೆಗೆ ಒಣ!

ಇದು ತಮಾಷೆಯಾಗಿ ಕಂಡರೂ ಹಾಗೆ ಮಾಡಿದವರಿಗೆ ಕಾರಣಗಳಿದ್ದವು. ೧೯೭೯ರಲ್ಲಿ ಭಾರತೀಯ ಕೃಷಿ ಅನುಸಂಧಾನ ಪರಿಷತ್ತು ವಿಶ್ವಬ್ಯಾಂಕಿನ ನೆರವಿನಿಂದ ರಾಷ್ಟ್ರೀಯ ಕೃಷಿ ಸಂಶೋಧನಾ ಯೋಜನೆಯನ್ನು ಆರಂಭಿಸಿತು. ಬೆಂಗಳೂರಿನಲ್ಲೋ ಪುಣೆಯಲ್ಲೋ ಸಿದ್ಧವಾದ ಶಿಫಾರಸು ಎಲ್ಲ ಹೊಲಕ್ಕೂ ಒಗ್ಗುವುದಿಲ್ಲ, ಒಂದೇ ಬಗೆಯ ಮಳೆ, ಮಣ್ಣು, ಬೆಳೆಗಳಿರುವ ಪ್ರದೇಶಗಳನ್ನು ಗುರುತಿಸಿ ಅಲ್ಲಲ್ಲಿಗೇ ಸಂಶೋಧನೆ ನಡೆಯಬೇಕು ಎಂಬುದು ಅದರ ಹಿಂದಿನ ವಿಚಾರ. ದೇಶವನ್ನು ಹೀಗೆ ೧೨೭ ಕೃಷಿ ವಾಯುಗುಣ ವಲಯಗಳಾಗಿ ವಿಂಗಡಿಸಲಾಯಿತು. ಕರ್ನಾಟಕದ ಪಾಲಿಗೆ ಬಂದವು ಹತ್ತು. ಆಗ ಹತ್ತೇ ತಾಲ್ಲೂಕುಗಳಿದ್ದ ಬೆಳಗಾವಿ ಜಿಲ್ಲೆ ಮೂರು ವಲಯಗಳಲ್ಲಿ ಹಂಚಿಹೋಯಿತು. ಖಾನಾಪುರ ಒಂದೇ ಗುಡ್ಡಗಾಡು ವಲಯಕ್ಕೆ. ಬೆಳಗಾವಿ, ಬೈಲಹೊಂಗಲ, ಚಿಕ್ಕೋಡಿ, ಹುಕ್ಕೇರಿ ಪರಿವರ್ತನಾ ವಲಯಕ್ಕೆ. ಗೋಕಾಕ, ರಾಯಬಾಗ, ಅಥಣಿ, ರಾಮದುರ್ಗ, ಸವದತ್ತಿ ಒಣ ವಲಯಕ್ಕೆ. ಒಂದೇ ಜಿಲ್ಲೆಯ ಹೊಟ್ಟೆಯಲ್ಲಿ ಮಲೆನಾಡೂ ಬಯಲುಸೀಮೆಯೂ ಎರಡರ ನಡುವಿನ ನಾಡೂ ಇರುವುದು ರಾಜ್ಯದಲ್ಲಿ ಅಪರೂಪವೇನಲ್ಲ. ಆದರೆ ಇಷ್ಟು ಕಿರಿದಾದ ಜಾಗದಲ್ಲಿ ಮೂರೂ ಸಾಲಾಗಿ ನಿಂತಿರುವುದು ಕಡಿಮೆ.

ವಲಯಗಳ ಅಂಕಿಗಳನ್ನು ಪಕ್ಕಪಕ್ಕ ಇಟ್ಟು ನೋಡಿದರೆ ಸ್ವಾರಸ್ಯ ತಿಳಿಯುತ್ತದೆ. ಉತ್ತರ ಒಣ ವಲಯದ ವಾರ್ಷಿಕ ಮಳೆ ಸುಮಾರು ೪೬೫ರಿಂದ ೭೮೬ ಮಿಲಿಮೀಟರ್. ಉತ್ತರ ಪರಿವರ್ತನಾ ವಲಯದ್ದು ಸುಮಾರು ೬೧೯ರಿಂದ ೧೩೦೩ ಮಿಲಿಮೀಟರ್. ಅಂದರೆ ೬೧೯ಕ್ಕೂ ೭೮೬ಕ್ಕೂ ನಡುವೆ ಮಳೆ ಬೀಳುವ ಊರು ಬರಿಯ ಮಳೆಯ ಲೆಕ್ಕದಲ್ಲಿ ಎರಡು ವಲಯಗಳಿಗೂ ಸಲ್ಲುತ್ತದೆ. ಸಮುದ್ರಮಟ್ಟದಿಂದ ಎತ್ತರವನ್ನು ಕೇಳಿದರೆ ಎರಡಕ್ಕೂ ಒಂದೇ ಉತ್ತರ: ಬಹುಭಾಗ ೪೫೦ರಿಂದ ೯೦೦ ಮೀಟರ್. ವಲಯ ನಿರ್ಧರಿಸಿದವರು ಮಳೆಯ ಮೊತ್ತವನ್ನಷ್ಟೇ ನೋಡದೆ ಅದು ಯಾವಾಗ ಬೀಳುತ್ತದೆ, ಮಣ್ಣು ಎಂಥದು, ರೈತ ರೂಢಿಯಿಂದ ಏನು ಬಿತ್ತುತ್ತಾನೆ ಎಂಬುದನ್ನೂ ನೋಡಿದರು. ಅದು ಸರಿಯೇ. ಆದರೆ ಇಷ್ಟೆಲ್ಲ ನೋಡಿದ ಮೇಲೂ ಗೆರೆ ಎಳೆಯುವಾಗ ಅವರ ಕೈ ನಡೆದದ್ದು ತಾಲ್ಲೂಕಿನ ಎಲ್ಲೆಯ ಮೇಲೆಯೇ.

ಭೂಮಿಯನ್ನು ವಾಯುಗುಣದ ಪಟ್ಟಿಗಳಾಗಿ ಕತ್ತರಿಸುವ ಹವ್ಯಾಸ ಬಹಳ ಹಳೆಯದು. ಪ್ರಾಚೀನ ಗ್ರೀಕರು ಭೂಮಿಯನ್ನು ಉರಿವ ಪಟ್ಟಿ, ಹಿತವಾದ ಪಟ್ಟಿಗಳು, ಹೆಪ್ಪುಗಟ್ಟಿದ ಪಟ್ಟಿಗಳು ಎಂದು ಐದಾಗಿ ವಿಂಗಡಿಸಿದ್ದರು. ಇಂಗ್ಲಿಷಿನ ಕ್ಲೈಮೇಟ್ ಎಂಬ ಮಾತು ಹುಟ್ಟಿದ್ದೇ ಇಳಿಜಾರು, ಓರೆ ಎಂಬರ್ಥದ ಗ್ರೀಕ್ ಶಬ್ದದಿಂದ. ಸೂರ್ಯನ ಕಿರಣ ಎಷ್ಟು ಓರೆಯಾಗಿ ಬೀಳುತ್ತದೆ ಎನ್ನುವುದೇ ಅವರ ಅಳತೆ. ಈ ಅಳತೆಯಲ್ಲಿ ಗೋಕಾಕ ಮತ್ತು ಹುಕ್ಕೇರಿ ಒಂದಾಗಿಬಿಡುತ್ತವೆ. ಎರಡರ ಅಕ್ಷಾಂಶವೂ ೧೬ ಡಿಗ್ರಿಯನ್ನು ತುಸು ದಾಟಿದ್ದು.

ನಮ್ಮ ಆಯುರ್ವೇದದವರು ಸೂರ್ಯನಿಗಿಂತ ನೀರನ್ನು ನಂಬಿದರು. ಚರಕಸಂಹಿತೆ ನೆಲವನ್ನು ಮೂರಾಗಿ ಹೇಳುತ್ತದೆ: ಜಾಂಗಲ, ಆನೂಪ, ಸಾಧಾರಣ. ಜಾಂಗಲವೆಂದರೆ ಬಯಲಾದ, ಒಣಗಾಳಿಯ, ವಿರಳ ಗಿಡಮರಗಳ ನಾಡು. ಇಂದಿನ ‘ಜಂಗಲ್’ ಎಂಬ ದಟ್ಟ ಕಾಡಿನ ಅರ್ಥ ಆ ಮೂಲಕ್ಕೆ ಹೇಗೆ ತಲೆಕೆಳಗಾಗಿ ಅಂಟಿಕೊಂಡಿತೆಂಬುದು ಬೇರೆಯೇ ಒಂದು ಕತೆ. ಆನೂಪವೆಂದರೆ ನೀರು ನಿಲ್ಲುವ ತೇವದ ನಾಡು. ಎರಡರ ಗುಣಗಳೂ ಬೆರೆತದ್ದು ಸಾಧಾರಣ. ಎರಡು ತುದಿಗಳ ನಡುವೆ ಮೂರನೆಯದೊಂದಕ್ಕೆ ಜಾಗ ಕೊಟ್ಟಿರುವುದನ್ನು ಗಮನಿಸಬೇಕು. ಉತ್ತರ ಕರ್ನಾಟಕದ ಒಕ್ಕಲಿಗನ ಮಾತಿನಲ್ಲೂ ಮಲ್ಲಾಡ ಬೇರೆ, ಬೆಳವಲ ಬೇರೆ, ನಡುವಿನ ಸೀಮೆ ಬೇರೆ. ಈ ಮಾತುಗಳಿಗೆ ಗೆರೆಯಿಲ್ಲ. ಇಲ್ಲಿಂದಾಚೆ ಎರಿ ಭೂಮಿ, ಇಲ್ಲಿಂದೀಚೆ ಮಸಾರಿ ಎಂದು ಹೊಲದ ಮಣ್ಣನ್ನು ಗೇಣಳತೆಯಲ್ಲಿ ತೋರಿಸುವವನು ಮಲ್ಲಾಡ ಎಲ್ಲಿ ಮುಗಿಯಿತೆಂದು ಕೇಳಿದರೆ ಪಡುವಣ ದಿಕ್ಕಿಗೆ ಕೈ ಬೀಸಿ ಸುಮ್ಮನಾಗುತ್ತಾನೆ.

ಗೆರೆಗೆ ಸೂತ್ರ ಕೊಟ್ಟವನು ವ್ಲಾಡಿಮಿರ್ ಕೊಪ್ಪೆನ್. ೧೮೪೬ರಲ್ಲಿ ಸೇಂಟ್ ಪೀಟರ್ಸ್‌ಬರ್ಗ್‌ನಲ್ಲಿ ಹುಟ್ಟಿ, ಕ್ರಿಮಿಯಾದಲ್ಲಿ ಬೆಳೆದು, ಜರ್ಮನಿಯ ಹ್ಯಾಂಬರ್ಗ್‌ನ ನೌಕಾ ವೀಕ್ಷಣಾಲಯದಲ್ಲಿ ದಶಕಗಳ ಕಾಲ ದುಡಿದ ವಿಜ್ಞಾನಿ ಈತ. ಖಂಡಗಳು ಚಲಿಸುತ್ತವೆ ಎಂದು ವಾದಿಸಿದ ಆಲ್‌ಫ್ರೆಡ್ ವೆಗೆನರ್ ಈತನ ಅಳಿಯ. ಕ್ರಿಮಿಯಾದ ಬೆಚ್ಚನೆಯ ಕರಾವಳಿಗೂ ಉತ್ತರದ ಚಳಿಯ ರಾಜಧಾನಿಗೂ ನಡುವೆ ಓಡಾಡುವಾಗ ದಾರಿಯುದ್ದಕ್ಕೂ ಗಿಡಮರಗಳು ಬದಲಾಗುವುದನ್ನು ಕಂಡದ್ದೇ ಅವನ ಕುತೂಹಲದ ಬೀಜವೆನ್ನುತ್ತಾರೆ. ಪ್ರಪಂಚದ ಎಲ್ಲೆಡೆ ಮಳೆಮಾಪಕ, ಉಷ್ಣಮಾಪಕಗಳಿಲ್ಲದ ಕಾಲವದು. ಆದರೆ ಗಿಡಗಳು ಎಲ್ಲೆಡೆ ಇದ್ದವು. ಸಸ್ಯವೇ ವಾಯುಗುಣದ ಮಾಪಕ ಎಂದುಕೊಂಡು ಕೊಪ್ಪೆನ್ ೧೯೦೦ರಲ್ಲಿ ಒಂದು ವರ್ಗೀಕರಣವನ್ನು ಪ್ರಕಟಿಸಿದ, ೧೯೧೮ರಲ್ಲಿ ತಿದ್ದಿದ, ೧೯೩೬ರಲ್ಲಿ ಮತ್ತೆ ತಿದ್ದಿದ. ೧೯೪೦ರಲ್ಲಿ ತೀರಿಕೊಂಡ ಮೇಲೂ ರುಡಾಲ್ಫ್ ಗೈಗರ್ ಮೊದಲಾದವರು ತಿದ್ದುವುದನ್ನು ನಿಲ್ಲಿಸಲಿಲ್ಲ. ಎ, ಬಿ, ಸಿ, ಡಿ, ಇ ಎಂಬ ಅಕ್ಷರಗಳ ಆ ಪಟ್ಟಿಯನ್ನು ಶಾಲೆಯ ಭೂಗೋಳದಲ್ಲಿ ಬಾಯಿಪಾಠ ಮಾಡಿದವರು ನಮ್ಮಲ್ಲಿ ಲಕ್ಷಗಟ್ಟಲೆ ಇದ್ದಾರೆ. ಹಿಂದಿನ ವಿಚಾರವನ್ನು ಮಾತ್ರ ಬಾಯಿಪಾಠದಲ್ಲಿ ಯಾರೂ ಹೇಳಿಕೊಡುವುದಿಲ್ಲ.

ಅದು ಇಷ್ಟು. ಉಳಿದೆಲ್ಲ ಅಕ್ಷರಗಳೂ ಉಷ್ಣತೆಯ ಮೇಲೆ ನಿಂತಿವೆ. ಬಿ ಒಂದು ಮಾತ್ರ ಶುಷ್ಕತೆಯ ಅಕ್ಷರ. ಒಂದು ಊರು ಒಣ ನಾಡೋ ಅಲ್ಲವೋ ಎಂದು ತಿಳಿಯಲು ಎಷ್ಟು ಮಳೆ ಬಿತ್ತು ಎಂದು ಕೇಳಿದರೆ ಸಾಲದು. ಎಷ್ಟು ಆವಿಯಾಗಿ ಹೋಗುತ್ತದೆ ಎಂದೂ ಕೇಳಬೇಕು. ಲಂಡನ್ನಿನಲ್ಲಿ ಬೀಳುವ ಆರು ನೂರು ಮಿಲಿಮೀಟರ್ ಹುಲ್ಲನ್ನು ಹಸಿರಾಗಿಡುತ್ತದೆ, ಅಥಣಿಯಲ್ಲಿ ಅಷ್ಟೇ ಮಳೆ ಸಾಕಾಗುವುದಿಲ್ಲ. ಹೀಗಾಗಿ ಕೊಪ್ಪೆನ್‌ನ ಪದ್ಧತಿಯಲ್ಲಿ ವರ್ಷದ ಸರಾಸರಿ ಉಷ್ಣತೆಯನ್ನು ಇಪ್ಪತ್ತರಿಂದ ಗುಣಿಸಿ, ಅದಕ್ಕೆ ಮಳೆಗಾಲದ ಲೆಕ್ಕದ ಒಂದು ಮೊತ್ತವನ್ನು ಕೂಡಿಸುತ್ತಾರೆ. ವರ್ಷದ ಮಳೆಯಲ್ಲಿ ನೂರಕ್ಕೆ ೭೦ ಪಾಲು ಏಪ್ರಿಲಿನಿಂದ ಸೆಪ್ಟೆಂಬರಿನ ಒಳಗೆ ಬಿದ್ದರೆ ೨೮೦ ಕೂಡಿಸಬೇಕು, ಏಕೆಂದರೆ ಬಿಸಿಲಿನ ಅರ್ಧವರ್ಷದ ಮಳೆ ಬೇಗ ಆವಿಯಾಗುತ್ತದೆ. ವರ್ಷದ ಎರಡೂ ಅರ್ಧಗಳಲ್ಲಿ ಹಂಚಿ ಬಿದ್ದರೆ ಕೂಡಿಸಬೇಕಾದದ್ದು ೧೪೦. ಬಂದ ಮೊತ್ತಕ್ಕಿಂತ ಮಳೆ ಕಡಿಮೆಯಿದ್ದರೆ ಒಣ ನಾಡು, ಆ ಮೊತ್ತದ ಅರ್ಧಕ್ಕಿಂತಲೂ ಕಡಿಮೆಯಿದ್ದರೆ ಮರುಭೂಮಿ.

ಈ ಸೂತ್ರವನ್ನು ಘಟಪ್ರಭೆಯ ದಂಡೆಗೆ ತಂದು ಹಚ್ಚೋಣ. ಸರಾಸರಿ ಉಷ್ಣತೆ ೨೫ ಡಿಗ್ರಿ ಸೆಲ್ಸಿಯಸ್ ಎಂದಿಟ್ಟುಕೊಳ್ಳಿ. ಇಪ್ಪತ್ತರಿಂದ ಗುಣಿಸಿದರೆ ೫೦೦. ಮೊದಲನೆಯ ಲೆಕ್ಕದಲ್ಲಿ ಗಡಿ ೭೮೦ ಮಿಲಿಮೀಟರಿಗೆ ಬರುತ್ತದೆ, ಎರಡನೆಯ ಲೆಕ್ಕದಲ್ಲಿ ೬೪೦ಕ್ಕೆ. ವರ್ಷಕ್ಕೆ ೭೦೦ ಮಿಲಿಮೀಟರ್ ಬೀಳುವ ಹಳ್ಳಿ ಮೊದಲ ಲೆಕ್ಕದಲ್ಲಿ ಒಣ ನಾಡು. ಎರಡನೆಯ ಲೆಕ್ಕದಲ್ಲಿ ಉಷ್ಣವಲಯದ ಹುಲ್ಲುಗಾವಲಿನ ನಾಡು. ಯಾವ ಲೆಕ್ಕ ಸರಿ ಎಂಬುದು ಆ ೭೦ ಪಾಲಿನ ಮೇಲೆ ನಿಂತಿದೆ. ಇಲ್ಲೇ ಈ ಸೀಮೆಯ ವೈಶಿಷ್ಟ್ಯವಿರುವುದು. ಒಣ ವಲಯದಲ್ಲಿ ಮುಂಗಾರಿನ ಪಾಲು ವರ್ಷದ ಮಳೆಯ ಅರ್ಧಕ್ಕಿಂತ ತುಸುವೇ ಹೆಚ್ಚು. ಪರಿವರ್ತನಾ ವಲಯದಲ್ಲಿ ಹತ್ತರಲ್ಲಿ ಆರು ಪಾಲಿನಷ್ಟು. ಏಪ್ರಿಲ್–ಮೇ ತಿಂಗಳ ಅಡ್ಡಮಳೆಗಳನ್ನು ಇದಕ್ಕೆ ಸೇರಿಸಿದರೆ ಮೊತ್ತ ಎಪ್ಪತ್ತರ ಆಚೀಚೆಯೇ ತೂಗಾಡುತ್ತದೆ. ಅಕ್ಟೋಬರಿನ ಹಸ್ತ, ಚಿತ್ತಿ ಮಳೆಗಳು ಎಷ್ಟು ಬಿದ್ದವು ಎಂಬ ಒಂದು ಸಂಗತಿ ಗಡಿಯನ್ನು ೧೪೦ ಮಿಲಿಮೀಟರಿನಷ್ಟು ಎತ್ತಿ ಇಡಬಲ್ಲದು. ಹ್ಯಾಂಬರ್ಗ್‌ನ ಸೂತ್ರಕ್ಕೆ ಹಿಂಗಾರಿಯ ಹೆಸರು ಗೊತ್ತಿಲ್ಲದಿದ್ದರೂ ಅದರ ತೂಕ ಗೊತ್ತಿತ್ತೆನ್ನಬೇಕು.

ಅಮೆರಿಕದ ವಾರೆನ್ ಥಾರ್ನ್‌ತ್‌ವೇಟ್ ಇನ್ನೊಂದು ದಾರಿ ಹಿಡಿದ. ೧೯೪೮ರಲ್ಲಿ ಆತ ಮಂಡಿಸಿದ ಪದ್ಧತಿ ಅಂಗಡಿಯ ಖಾತೆ ಪುಸ್ತಕವಿದ್ದಂತೆ. ಮಳೆ ಜಮೆ, ನೆಲದಿಂದಲೂ ಎಲೆಯಿಂದಲೂ ಆವಿಯಾಗುವ ನೀರು ಖರ್ಚು, ಮಣ್ಣು ಹಿಡಿದಿಟ್ಟ ತೇವ ಉಳಿತಾಯ. ತಿಂಗಳು ತಿಂಗಳೂ ಲೆಕ್ಕ ಹಾಕಿದರೆ ಯಾವ ನಾಡು ಸಾಲದಲ್ಲಿದೆ ಎಂದು ತಿಳಿಯುತ್ತದೆ. ಬೆಳವಲದ ಎರಿ ಭೂಮಿಯ ರೈತನಿಗೆ ಇದನ್ನು ಯಾರೂ ಹೇಳಬೇಕಾಗಿಲ್ಲ. ಮುಂಗಾರಿ ಮಳೆಯನ್ನು ಆಳವಾದ ಕಪ್ಪು ಮಣ್ಣಿನಲ್ಲಿ ಉಳಿತಾಯವಿಟ್ಟು, ಹಿಂಗಾರಿಯಲ್ಲಿ ಬಿಳಿಜೋಳ, ಕಡಲೆ, ಕುಸುಬೆ ಬಿತ್ತಿ, ಚಳಿಗಾಲವಿಡೀ ಆ ತೇವದ ಬಡ್ಡಿಯಲ್ಲೇ ಬೆಳೆ ತೆಗೆಯುವುದು ಅವನ ಹಳೆಯ ವಿದ್ಯೆ. ಮುಂದೆ ನಾಗಪುರದ ರಾಷ್ಟ್ರೀಯ ಮಣ್ಣು ಸಮೀಕ್ಷೆ ಸಂಸ್ಥೆ ೧೯೯೨ರಲ್ಲಿ ದೇಶವನ್ನು ೨೦ ಕೃಷಿ ಪರಿಸರ ಪ್ರದೇಶಗಳಾಗಿ ಗುರುತಿಸಿದಾಗ ವರ್ಷದಲ್ಲಿ ಎಷ್ಟು ದಿನ ಬೆಳೆಗೆ ಸಾಕಾಗುವಷ್ಟು ತೇವ ಇರುತ್ತದೆ ಎಂಬ ದಿನಗಣನೆಯನ್ನೇ ಒಂದು ಮುಖ್ಯ ಅಳತೆ ಮಾಡಿಕೊಂಡಿತು. ಅದಕ್ಕೆ ತುಸು ಮೊದಲು ಯೋಜನಾ ಆಯೋಗ ಇಡೀ ದೇಶವನ್ನು ಹದಿನೈದೇ ವಲಯಗಳಲ್ಲಿ ಮುಗಿಸಿತ್ತು. ಹದಿನೈದು, ಇಪ್ಪತ್ತು, ನೂರಿಪ್ಪತ್ತೇಳು: ಎಲ್ಲವೂ ಒಂದೇ ನೆಲದ ನಕ್ಷೆಗಳು.

ಸೂತ್ರಗಳು ಏನೇ ಹೇಳಲಿ, ಬೆಳಗಾವಿ ಜಿಲ್ಲೆಯ ಮಳೆಯನ್ನು ಹಂಚುವವನು ಸಹ್ಯಾದ್ರಿ. ಅರಬ್ಬಿ ಸಮುದ್ರದಿಂದ ಬರುವ ಮುಂಗಾರು ಗಾಳಿ ಘಟ್ಟವೇರುವಾಗ ತಂಪಾಗಿ ಹೊರೆಯನ್ನು ಅಲ್ಲೇ ಇಳಿಸಿಬಿಡುತ್ತದೆ. ಘಟ್ಟದ ನೆತ್ತಿಯ ಆಂಬೋಲಿಯಲ್ಲಿ ವರ್ಷಕ್ಕೆ ಐದು ಸಾವಿರ ಮಿಲಿಮೀಟರಿಗೂ ಮಿಕ್ಕಿ ಮಳೆ. ಅಲ್ಲಿಂದ ಎಪ್ಪತ್ತು ಕಿಲೋಮೀಟರಿನಷ್ಟು ದೂರದ ಹುಕ್ಕೇರಿಗೆ ಬರುವಷ್ಟರಲ್ಲಿ ಅದರ ಬಹುಪಾಲು ಕರಗಿಹೋಗಿರುತ್ತದೆ. ಇನ್ನೂ ಮೂಡಣಕ್ಕೆ ಗೋಕಾಕ, ಮೂಡಲಗಿಗಳಿಗೆ ಬಂದರೆ ಇಳಿದ ಗಾಳಿ ಬೆಚ್ಚಗಾಗಿ ಮೋಡವನ್ನೇ ಕುಡಿದುಬಿಡುತ್ತದೆ. ಇದೇ ಮಳೆಯ ನೆರಳು. ಈ ಇಳಿಕೆ ಮೆಟ್ಟಿಲು ಮೆಟ್ಟಿಲಾಗಿಲ್ಲ, ಜಾರುಬಂಡೆಯಂತಿದೆ. ಹುಕ್ಕೇರಿ ತಾಲ್ಲೂಕಿನೊಳಗೇ ಘಟ್ಟದ ಕಡೆಯ ಯಮಕನಮರಡಿಯ ಮಳೆ ಬೇರೆ, ಪೂರ್ವದ ಅಂಚಿನ ಹಳ್ಳಿಗಳ ಮಳೆ ಬೇರೆ. ಪೂರ್ವದ ಅಂಚಿನ ಹುಕ್ಕೇರಿಯ ರೈತನಿಗೆ ತನ್ನದೇ ತಾಲ್ಲೂಕಿನ ಪಡುವಣದವನಿಗಿಂತ ಪಕ್ಕದ ಗೋಕಾಕದವನೇ ಮಳೆಯಲ್ಲಿ ಹತ್ತಿರದ ನೆಂಟ.

ಹಾಗಿದ್ದರೂ ತಾಲ್ಲೂಕಿನ ಎಲ್ಲೆಗೇ ಜೋತುಬೀಳಲು ಕಾರಣ ಅಂಕಿಗಳು. ಮಳೆಯ ದಾಖಲೆ, ಬಿತ್ತನೆಯ ಕ್ಷೇತ್ರ, ಇಳುವರಿ, ಕಂದಾಯ, ಎಲ್ಲವೂ ಬ್ರಿಟಿಷರ ಕಾಲದಿಂದ ಕೂಡಿಟ್ಟದ್ದು ತಾಲ್ಲೂಕಿನ ಲೆಕ್ಕದಲ್ಲಿ. ಅವರಿಗೆ ಆ ಲೆಕ್ಕ ಬೇಕಾಗಿತ್ತು. ೧೮೭೬ರಿಂದ ೧೮೭೮ರವರೆಗಿನ ಘೋರ ಕ್ಷಾಮದಲ್ಲಿ ಜಿಲ್ಲೆಯ ಪೂರ್ವದ ಒಣ ಸೀಮೆ ಹೆಚ್ಚು ನರಳಿತು. ೧೮೮೦ರ ಕ್ಷಾಮ ಆಯೋಗದ ತರುವಾಯ ಮಳೆಯನ್ನು ನಂಬಬಹುದಾದ ನಾಡು ಯಾವುದು, ನಂಬಲಾಗದ್ದು ಯಾವುದು ಎಂದು ತಿಳಿಯುವುದು ಪಾಂಡಿತ್ಯದ ಮಾತಾಗಿ ಉಳಿಯಲಿಲ್ಲ. ಗಂಜಿಕೇಂದ್ರ ಎಲ್ಲಿ ತೆರೆಯಬೇಕು, ಕಾಲುವೆ ಎಲ್ಲಿ ತೋಡಬೇಕು ಎಂಬುದು ಅದರ ಮೇಲೆ ನಿಂತಿತು.

ಆದರೆ ತಾಲ್ಲೂಕು ಎಂಬುದು ನದಿ–ಬೆಟ್ಟಗಳಂತೆ ಸ್ಥಿರವೇನಲ್ಲ. ೧೮೮೪ರಲ್ಲಿ ಹೊರಬಂದ ಬೆಳಗಾವಿ ಜಿಲ್ಲೆಯ ಗ್ಯಾಸೆಟಿಯರ್ ತೆರೆದರೆ ಹುಕ್ಕೇರಿ ಪ್ರತ್ಯೇಕ ತಾಲ್ಲೂಕಾಗಿ ಕಾಣುವುದಿಲ್ಲ, ಅದು ಚಿಕ್ಕೋಡಿಯ ಭಾಗ. ಆದಿಲಶಾಹಿ ಕಾಲದ ಗುಮ್ಮಟಗಳನ್ನು ಇಟ್ಟುಕೊಂಡು, ಒಂದು ಕಾಲಕ್ಕೆ ಸುತ್ತಿನ ಸೀಮೆಗೆಲ್ಲ ಯಜಮಾನನಾಗಿದ್ದ ಊರಿನ ಸ್ಥಿತಿ ಅದು. ಇತ್ತ ಮೂಡಲಗಿ ಗೋಕಾಕ ತಾಲ್ಲೂಕಿನಿಂದ ಬೇರೆಯಾಗಿ ತಾನೇ ತಾಲ್ಲೂಕಾದದ್ದು ೨೦೧೮ರಲ್ಲಿ. ವಲಯಗಳ ಪಟ್ಟಿ ಸಿದ್ಧವಾದಾಗ ಆ ಹೆಸರಿನ ತಾಲ್ಲೂಕೇ ಇರಲಿಲ್ಲ. ತಾಯಿ ತಾಲ್ಲೂಕಿನ ವಾಯುಗುಣವನ್ನು ಮಗಳು ಬಳುವಳಿಯಾಗಿ ಪಡೆದುಕೊಂಡಂತಾಯಿತು. ಮೂಡಲಗಿಯ ಮಟ್ಟಿಗೆ ಇದರಿಂದ ಅನ್ಯಾಯವೇನೂ ಆಗಿಲ್ಲ, ಅದು ನಿಜಕ್ಕೂ ಒಣ ಸೀಮೆಯೇ. ತೊಡಕಿರುವುದು ಅಂಚಿನಲ್ಲಿ.

ಅಂಚಿನವನಿಗೆ ವಲಯದ ಹೆಸರು ಕಾಗದದ ಮಾತಲ್ಲ. ಯಾವ ತಳಿ, ಯಾವ ವಾರದಲ್ಲಿ ಬಿತ್ತನೆ, ಎಕರೆಗೆ ಎಷ್ಟು ಬೀಜ ಎಂಬ ಕೃಷಿ ವಿಶ್ವವಿದ್ಯಾಲಯದ ಸುಧಾರಿತ ಬೇಸಾಯ ಕ್ರಮಗಳು ವಲಯವಾರು ಬರುತ್ತವೆ. ಗೋಕಾಕದ ಹತ್ತಿರದ ಅರಭಾವಿಯಲ್ಲಿ ಒಂದು ಕೃಷಿ ಸಂಶೋಧನಾ ಕೇಂದ್ರವಿದೆ, ಹುಕ್ಕೇರಿ ತಾಲ್ಲೂಕಿನ ಸಂಕೇಶ್ವರದಲ್ಲಿ ಇನ್ನೊಂದಿದೆ. ಎರಡರ ನಡುವಿನ ದೂರ ಸುಮಾರು ೩೫ ಕಿಲೋಮೀಟರ್. ನಡುವೆ ವಲಯದ ಗೆರೆ. ಗೆರೆಯ ಪಕ್ಕದ ರೈತ ಎರಡೂ ಕಡೆಯ ಮಾತು ಕೇಳಿ ತನಗೆ ಬೇಕಾದದ್ದನ್ನು ಆರಿಸಿಕೊಳ್ಳುತ್ತಾನೆ. ಸೋಯಾ ಅವರೆ ಪಶ್ಚಿಮದಿಂದ, ಹಿಂಗಾರಿ ಜೋಳ ಪೂರ್ವದಿಂದ. ಬಿತ್ತನೆಯಲ್ಲಿ ಇಂಥ ಸ್ವಾತಂತ್ರ್ಯವುಂಟು. ಪರಿಹಾರದಲ್ಲಿ ಇಲ್ಲ. ಬರಗಾಲವನ್ನು ಘೋಷಿಸುವುದು ತಾಲ್ಲೂಕುವಾರು, ಆಯಾ ತಾಲ್ಲೂಕಿನ ವಾಡಿಕೆ ಮಳೆಗೆ ಹೋಲಿಸಿ. ವಾಡಿಕೆಯೆಂದು ಹೇಳಲು ಕನಿಷ್ಠ ಮೂವತ್ತು ವರ್ಷಗಳ ಸರಾಸರಿ ಬೇಕೆಂಬುದು ಹವಾಮಾನ ಶಾಸ್ತ್ರದ ರೂಢಿ. ನಿನ್ನೆ ಮೊನ್ನೆ ಹುಟ್ಟಿದ ತಾಲ್ಲೂಕಿಗೆ ಆ ಮೂವತ್ತು ವರ್ಷಗಳು ತಾಯಿಯ ದಫ್ತರದಲ್ಲಿಯೇ ಇರುತ್ತವೆ. ೨೦೨೩ರಲ್ಲಿ ರಾಜ್ಯದ ೨೩೬ ತಾಲ್ಲೂಕುಗಳಲ್ಲಿ ೨೨೩ ಬರಪೀಡಿತವೆಂದು ಘೋಷಿತವಾದಾಗ ಎಲ್ಲೆಗಳ ಪ್ರಶ್ನೆ ಬಹುಮಟ್ಟಿಗೆ ಮುಳುಗಿಹೋಯಿತು. ಅರ್ಧಂಬರ್ಧ ಬರದ ವರ್ಷಗಳಲ್ಲಿ ಅದು ಮತ್ತೆ ತಲೆ ಎತ್ತುತ್ತದೆ.

ಒಣ ವಲಯವೆಂಬ ಹೆಸರನ್ನು ಹೊತ್ತ ಗೋಕಾಕಕ್ಕೆ ಹೊರಗಿನಿಂದ ಬಂದವರು ಬೆರಗಾಗುವುದುಂಟು. ಎಲ್ಲಿ ನೋಡಿದರೂ ಕಬ್ಬು, ಗೋವಿನಜೋಳ. ಊರ ಹೊರಗೆ ೫೨ ಮೀಟರ್ ಎತ್ತರದಿಂದ ಧುಮ್ಮಿಕ್ಕುವ ಜಲಪಾತ. ಅದರ ನೀರಿನ ಬಲವನ್ನು ನೆಚ್ಚಿ ೧೮೮೦ರ ದಶಕದಲ್ಲಿ ಎದ್ದ ನೂಲಿನ ಗಿರಣಿ. ಇದು ಒಣ ನಾಡೇ? ಈ ನೀರು ಇಲ್ಲಿ ಬಿದ್ದದ್ದಲ್ಲ ಎಂಬುದೇ ಉತ್ತರ. ಘಟಪ್ರಭೆ ಹುಟ್ಟುವುದು ಸಹ್ಯಾದ್ರಿಯಲ್ಲಿ, ಅದನ್ನು ಸೇರುವ ಹಿರಣ್ಯಕೇಶಿಯ ತವರೂ ಆಂಬೋಲಿಯ ಕಡೆಯೇ. ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಧೂಪದಾಳದ ಒಡ್ಡು ಕಟ್ಟಿ ಎಡದಂಡೆ ಕಾಲುವೆ ಹರಿಸಿದರು. ಸ್ವಾತಂತ್ರ್ಯಾನಂತರ ಹುಕ್ಕೇರಿ ತಾಲ್ಲೂಕಿನ ಹಿಡಕಲ್ಲಿನಲ್ಲಿ ೫೧ ಟಿಎಂಸಿ ನೀರು ಹಿಡಿಯುವ ರಾಜಾ ಲಖಮಗೌಡ ಜಲಾಶಯ ಎದ್ದಿತು, ೧೯೭೭ರಲ್ಲಿ ಪೂರ್ಣವಾಯಿತು. ಮಲ್ಲಾಡದ ಮಳೆ ಪರಿವರ್ತನಾ ವಲಯದಲ್ಲಿ ಕಟ್ಟೆಯ ಹಿಂದೆ ನಿಂತು ಒಣ ವಲಯದ ಕಬ್ಬಿಗೆ ಹರಿಯುತ್ತದೆ. ಕಾಲುವೆಯ ಕೆಳಗಿನ ಹೊಲ ಮೂರು ವಾಯುಗುಣಗಳ ಕೂಸು. ಕೊಪ್ಪೆನ್ ಇಂದು ಬಂದು ಇಲ್ಲಿನ ಸಸ್ಯವನ್ನು ನೋಡಿ ವಾಯುಗುಣ ಊಹಿಸಹೊರಟರೆ ತಪ್ಪದೆ ಮೋಸಹೋಗುತ್ತಾನೆ. ಕಾಲುವೆ ಮುಟ್ಟದ ಮಡ್ಡಿಯ ಮೇಲೆ ನಿಂತು ಕುರುಚಲು ಜಾಲಿಯನ್ನು ನೋಡಿದರೆ ಮಾತ್ರ ಅವನ ಊಹೆ ಸರಿಹೋದೀತು.

ಹೀಗೆ ಎರವಲು ತಂದ ನೀರು ೨೦೧೯ರ ಆಗಸ್ಟಿನಲ್ಲಿ ಲೆಕ್ಕ ತೀರಿಸಿಕೊಂಡಿತು. ಹಿಂದಿನ ವರ್ಷವಷ್ಟೇ ಉತ್ತರ ಕರ್ನಾಟಕ ಬರ ಕಂಡಿತ್ತು. ಘಟ್ಟದ ಮೇಲೆ ಬಿಡದೆ ಸುರಿದ ಮಳೆಗೆ ಹಿಡಕಲ್ ತುಂಬಿತು, ಹಿರಣ್ಯಕೇಶಿ, ಮಾರ್ಕಂಡೇಯ ನದಿಗಳೂ ಉಕ್ಕಿದವು. ಗೋಕಾಕ ಪಟ್ಟಣದೊಳಗೆ ಘಟಪ್ರಭೆ ನುಗ್ಗಿ ಮನೆ, ಅಂಗಡಿಗಳನ್ನು ಮುಳುಗಿಸಿತು. ವಲಯದ ಪಟ್ಟಿಯಲ್ಲಿ ಆ ಊರಿನ ಹೆಸರಿನ ಮುಂದೆ ಆಗಲೂ ಇದ್ದದ್ದು ‘ಒಣ’ ಎಂಬ ಮಾತೇ.

ಈಗ ತಾಲ್ಲೂಕಿನ ಲೆಕ್ಕವನ್ನು ಮೀರಿ ನೋಡುವ ಕಣ್ಣುಗಳು ಬಂದಿವೆ. ೧೯೮೮ರಲ್ಲಿ ಬರ ನಿರ್ವಹಣಾ ಕೋಶವಾಗಿ ಆರಂಭವಾಗಿ ಈಗ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರವಾಗಿರುವ ಸಂಸ್ಥೆ ಗ್ರಾಮ ಪಂಚಾಯಿತಿಗೊಂದರಂತೆ ಸ್ವಯಂಚಾಲಿತ ಮಳೆಮಾಪಕಗಳನ್ನು ನಿಲ್ಲಿಸಿದೆ. ವಿದೇಶಿ ವಿಜ್ಞಾನಿಗಳು ೨೦೧೮ರಲ್ಲಿ ಒಂದೊಂದು ಕಿಲೋಮೀಟರಿನ ಚೌಕಕ್ಕೂ ಕೊಪ್ಪೆನ್‌ನ ಅಕ್ಷರ ಬರೆದು ಇಡೀ ಭೂಮಿಯ ನಕ್ಷೆ ಹೊರತಂದಿದ್ದಾರೆ. ಹುಕ್ಕೇರಿಯ ಪೂರ್ವದಂಚಿನ ಪಂಚಾಯಿತಿಗಳ ಮಾಪಕವನ್ನೂ ಗೋಕಾಕದ ಪಶ್ಚಿಮದಂಚಿನ ಪಂಚಾಯಿತಿಗಳ ಮಾಪಕವನ್ನೂ ಪಕ್ಕಪಕ್ಕ ಇಟ್ಟು, ವರ್ಷ ವರ್ಷವೂ ಗೆರೆಯನ್ನು ಹೊಸದಾಗಿ ಎಳೆಯುವುದು ಇಂದು ಕಷ್ಟದ ಕೆಲಸವಲ್ಲ. ಹಾಗೆ ಎಳೆದರೆ ಅದು ಒಂದೆಡೆ ನಿಲ್ಲುವುದಿಲ್ಲ. ಹಸ್ತ, ಚಿತ್ತಿ ಮಳೆಗಳು ಚೆನ್ನಾಗಿ ಹೊಡೆದ ವರ್ಷ ಒಂದು ಕಡೆ ಮಳೆಯ ಮೊತ್ತ ಏರಿ, ಇನ್ನೊಂದು ಕಡೆ ಸೂತ್ರದ ಗಡಿ ಇಳಿದು, ಗೆರೆ ಗೋಕಾಕವನ್ನು ದಾಟಿ ಮೂಡಲಗಿಯ ದಿಕ್ಕಿಗೆ ಸರಿಯಬಹುದು. ಆ ಮಳೆಗಳು ಕೈಕೊಟ್ಟ ವರ್ಷ ಅದೇ ಗೆರೆ ಹುಕ್ಕೇರಿಯನ್ನೂ ದಾಟಿ ಸಂಕೇಶ್ವರದ ಕಡೆಗೆ ಸರಿಯುತ್ತದೆ.